ಆಗಾಗ ಕೈಕೊಡುವ ಕಂಪ್ಯೂಟರ್: ಕೆಟ್ಟ ಭಾಗ ಹಿಡಿಯುವುದು, ವಾರಂಟಿಯಲ್ಲಿ ಬದಲಿಸಿಕೊಳ್ಳುವುದು

ಪೂರ್ತಿ ಕೆಟ್ಟುಹೋದ ಕಂಪ್ಯೂಟರಿನ ಗೋಳು ಕಡಿಮೆ. ಆನ್ ಆಗುವುದಿಲ್ಲ, ಯಾರಿಗೆ ತೋರಿಸಿದರೂ ಕಾಣುತ್ತದೆ. ಜೀವ ಹಿಂಡುವುದು ಅರ್ಧ ಕೆಟ್ಟದ್ದು. ಬೆಳಿಗ್ಗೆ ನಾಲ್ಕು ಗಂಟೆ ಚೆನ್ನಾಗಿ ಓಡುತ್ತದೆ, ಸಂಜೆ ಮುಖ್ಯವಾದ ಫೈಲ್ ಸೇವ್ ಮಾಡುವ ಹೊತ್ತಿಗೆ ಸರಿಯಾಗಿ ನೀಲಿ ಪರದೆ, ಅಂದರೆ ವಿಂಡೋಸ್ ಕೈಚೆಲ್ಲಿ ತೋರಿಸುವ ಎರರ್. ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿ ಎರಡು ದಿನ ಏನೂ ಆಗುವುದಿಲ್ಲ. "ಸರಿಯಾಗೇ ಇದೆ" ಎಂದು ವಾಪಸ್ ಕೊಡುತ್ತಾರೆ. ಮನೆಗೆ ತಂದ ರಾತ್ರಿಯೇ ಮತ್ತೆ ಶುರು.

ನನ್ನ ಕಂಪ್ಯೂಟರ್ ಹೀಗೆ ಮೂರು ವಾರ ಕಾಡಿತು. ಅದರಲ್ಲಿ ಎರಡು ವಾರ ನಾನು ತಪ್ಪು ದಾರಿಯಲ್ಲೇ ಇದ್ದೆ. ಒಂದೇ ದಿನ ಡ್ರೈವರ್ ಬದಲಿಸಿ, ರ‍್ಯಾಮ್ ಕಿತ್ತು ಹಾಕಿ, ವಿಂಡೋಸನ್ನೂ ಹೊಸದಾಗಿ ಹಾಕಿ, ಕೊನೆಗೆ ಯಾವುದರಿಂದ ಏನಾಯಿತು ಅಂತಲೇ ತಿಳಿಯದ ಹಾಗಾಯಿತು. ಆಮೇಲೆ ಎರಡು ನಿಯಮ ಇಟ್ಟುಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದು, ಆಗಿದ್ದು ಎಲ್ಲ ಪುಸ್ತಕದಲ್ಲಿ. ಕೆಟ್ಟ ಭಾಗ ಸಿಕ್ಕಿದ್ದು ಇದರಿಂದ, ವಾರಂಟಿ ಸಿಕ್ಕಿದ್ದೂ ಇದರಿಂದಲೇ.

## ಮುಚ್ಚಳ ತೆಗೆಯುವ ಮುಂಚೆ

ಮೊದಲ ಕೆಲಸ ಬ್ಯಾಕಪ್. ಫೋಟೋ, ದಾಖಲೆ, ಕೆಲಸದ ಫೈಲ್, ಎಲ್ಲ ಹೊರಗಿನ ಡಿಸ್ಕಿಗೆ ಹೋಗಲಿ. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆಯೇ ಹೊಸದನ್ನು ಬರೆಯಬೇಡಿ. ರ‍್ಯಾಮ್ ಕೆಟ್ಟಿದ್ದರೆ ಕಾಪಿ ಆಗುವಾಗಲೇ ಫೈಲ್ ಹಾಳಾಗಬಹುದು, ಆಗ ಹಳೆಯ ಒಳ್ಳೆಯ ಪ್ರತಿಯೂ ಹೋಗುತ್ತದೆ.

ಇನ್ನೊಂದನ್ನು ತುಂಬಾ ಜನ ಮರೆಯುತ್ತಾರೆ. ನಿಮ್ಮ ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನ ಒಳಗಿನದಕ್ಕೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಈಗಲೇ ಕಾಗದದ ಮೇಲೆ ಬರೆದಿಡಿ. ಅದು 48 ಅಂಕಿಗಳ ಸಂಖ್ಯೆ. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಬದಲಾದಾಗ, ಕೆಲವೊಮ್ಮೆ ಬಯೋಸ್ (ವಿಂಡೋಸಿಗೂ ಮುಂಚೆ ಓಡುವ, ಮದರ್‌ಬೋರ್ಡಿನ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದರೂ ವಿಂಡೋಸ್ ಈ ಕೀ ಕೇಳುತ್ತದೆ. ಆಗ ಕೈಯಲ್ಲಿ ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದೂ ಒಳಗಿನದು ಸಿಗುವುದಿಲ್ಲ.

ಇನ್ನು ಪುಸ್ತಕ. ನನ್ನದರಲ್ಲಿ ಒಂದು ಸಾಲು ಹೀಗಿದೆ: "14ನೇ ತಾರೀಖು, ರಾತ್ರಿ 9.40. ಬ್ರೌಸರಿನಲ್ಲಿ ಆರು ಟ್ಯಾಬ್, ಬೇರೆ ಏನೂ ತೆರೆದಿಲ್ಲ. ನೀಲಿ ಪರದೆ, ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಇತ್ತು. ಆನ್ ಮಾಡಿ 25 ನಿಮಿಷ ಆಗಿತ್ತು." ಇಷ್ಟೇ ಸಾಕು. ದಿನ, ಹೊತ್ತು, ಏನು ಮಾಡುತ್ತಿದ್ದಿರಿ, ಪರದೆಯ ಮೇಲೆ ಏನು ಬಂತು. ನೀಲಿ ಪರದೆ ಓದುವ ಮುಂಚೆಯೇ ರೀಸ್ಟಾರ್ಟ್ ಆಗುತ್ತಿದ್ದರೆ ಸಿಸ್ಟಮ್ ಪ್ರಾಪರ್ಟೀಸ್ ತೆರೆದು, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬ ಟಿಕ್ ತೆಗೆಯಿರಿ. ಆಮೇಲೆ ಪರದೆ ಹಾಗೇ ನಿಲ್ಲುತ್ತದೆ, ಫೋನಿನಲ್ಲಿ ಫೋಟೋ ಹೊಡೆಯಬಹುದು.

ಹಳೆಯ ಕ್ರ್ಯಾಶ್‌ಗಳ ಲೆಕ್ಕ ವಿಂಡೋಸಿನಲ್ಲೇ ಇರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನದ ಲೆಕ್ಕದಲ್ಲಿ ಕೆಂಪು ಗುರುತುಗಳ ಪಟ್ಟಿ ಸಿಗುತ್ತದೆ. ಮೊದಲ ಕೆಂಪು ಗುರುತು ಯಾವ ದಿನ? ಅದರ ಹಿಂದಿನ ಒಂದೆರಡು ದಿನದಲ್ಲಿ ಹೊಸ ಡ್ರೈವರ್, ಹೊಸ ಅಪ್‌ಡೇಟ್, ಹೊಸ ರ‍್ಯಾಮ್, ಹೊಸ ಯುಎಸ್‌ಬಿ ಸಾಧನ ಏನಾದರೂ ಸೇರಿತ್ತಾ? ಸೇರಿದ್ದರೆ ಅದನ್ನೇ ಮೊದಲು ತೆಗೆದು ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಒಳಗೆ ಕೈ ಹಾಕುವಾಗ ಶಟ್‌ಡೌನ್ ಮಾಡಿ, ಹಿಂಬದಿಯ ಸ್ವಿಚ್ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತುಬಿಡಿ. ಆಮೇಲೆ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ, ನಂತರ ಭಾಗಗಳನ್ನು ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ತಿಗೂ ಚಿಪ್ ಸುಡುತ್ತದೆ. ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈ) ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

## ಪ್ರತಿ ಸಲ ಬೇರೆ ಬೇರೆ ಎರರ್ ಬರುತ್ತದೆ

ಇದು ತುಂಬಾ ಮಾತಾಡುವ ಲಕ್ಷಣ. ಎರರ್ ಪ್ರತಿ ಸಲ ಒಂದೇ ಆಗಿದ್ದು, ಒಂದೇ ಡ್ರೈವರ್ ಫೈಲಿನ ಹೆಸರು ತೋರಿಸುತ್ತಿದ್ದರೆ ಸಾಮಾನ್ಯವಾಗಿ ಸಾಫ್ಟ್‌ವೇರ್ ತಪ್ಪು. ಒಂದೇ ಪ್ರೋಗ್ರಾಂ ಬೀಳುತ್ತಿದ್ದರೆ ಮೊದಲ ಅನುಮಾನ ಆ ಪ್ರೋಗ್ರಾಂ ಮೇಲೆ. ಆದರೆ ಇವತ್ತು ಮೆಮೊರಿ ಮ್ಯಾನೇಜ್‌ಮೆಂಟ್, ನಾಳೆ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ನಾಡಿದ್ದು ಬ್ರೌಸರ್ ಟ್ಯಾಬ್ ತಾನಾಗೇ ಬೀಳುವುದು, ಮಧ್ಯೆ ಒಂದು ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ಒಳಗಿನದು ಹೊಂದುತ್ತಿಲ್ಲ ಎಂಬ ದೂರು), ಹೀಗೆ ತಲೆಬುಡ ಇಲ್ಲದೆ ಬರುತ್ತಿದ್ದರೆ ಹಾರ್ಡ್‌ವೇರ್ ಕಡೆ ತಿರುಗಿ. ಅದರಲ್ಲೂ ಮೊದಲು ರ‍್ಯಾಮ್.

ನನಗೆ ಇದು ಹೊಳೆದದ್ದು ವಿಂಡೋಸ್ ಎರಡನೇ ಸಲ ಹಾಕುವಾಗ. ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು, ಫೈಲ್ ಹಾಳಾಗಿದೆ ಎಂದಿತು. ಪೆನ್ ಡ್ರೈವ್ ಸರಿ ಇಲ್ಲ ಅಂದುಕೊಂಡು ಬೇರೆ ಪೆನ್ ಡ್ರೈವಿನಲ್ಲಿ ಮತ್ತೆ ತಯಾರಿಸಿದೆ. ಈ ಸಲ ಶೇಕಡಾ 71ರಲ್ಲಿ ನಿಂತಿತು. ಇನ್ನೊಮ್ಮೆ ಮಾಡಿದರೆ 34ರಲ್ಲಿ. ಪೆನ್ ಡ್ರೈವ್ ಹಾಳಾಗಿದ್ದರೆ ಹೆಚ್ಚಾಗಿ ಅದೇ ಜಾಗದಲ್ಲಿ ನಿಲ್ಲಬೇಕಿತ್ತು, ಅಲ್ವಾ? ಜಾಗ ಬದಲಾಗುತ್ತಿದೆ ಅಂದರೆ ಫೈಲ್ ಸರಿಯಾಗೇ ಇದೆ, ಅದನ್ನು ಕೈಯಲ್ಲಿ ಹಿಡಿದುಕೊಳ್ಳುವ ರ‍್ಯಾಮ್ ನಡುಗುತ್ತಿದೆ.

ವಿಂಡೋಸ್ ಇನ್ನೂ ಓಡುತ್ತಿದ್ದರೆ ಇದೇ ಅನುಮಾನವನ್ನು ಸುಲಭವಾಗಿ ಪರೀಕ್ಷಿಸಬಹುದು. ಹತ್ತು ಹದಿನೈದು ಜಿಬಿ ಇರುವ ಒಂದು ದೊಡ್ಡ ಫೈಲ್ ತೆಗೆದುಕೊಳ್ಳಿ. ವಿಂಡೋಸಿನ ಜೊತೆಗೇ ಬರುವ ಸರ್ಟ್‌ಯುಟಿಲ್ (certutil -hashfile) ಆಜ್ಞೆಯಿಂದ ಅದರ ಹ್ಯಾಶ್, ಅಂದರೆ ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಅಂಕಿ, ತೆಗೆಯಿರಿ. ಅದೇ ಫೈಲಿಗೆ ನಾಲ್ಕೈದು ಸಲ ಮಾಡಿ. ಫೈಲ್ ಮುಟ್ಟಿಲ್ಲ ಅಂದಮೇಲೆ ಅಂಕಿ ಒಂದೇ ಬರಬೇಕು. ಒಂದು ಸಲವಾದರೂ ಬೇರೆ ಬಂದರೆ ದಾರಿಯಲ್ಲಿ ಎಲ್ಲೋ ಬಿಟ್ ಬದಲಾಗುತ್ತಿದೆ. ಹೆಚ್ಚಾಗಿ ರ‍್ಯಾಮ್, ಇಲ್ಲವೇ ಪ್ರೊಸೆಸರ್, ಅಪರೂಪಕ್ಕೆ ಡಿಸ್ಕ್.

ಈಗ ಕ್ರಮವಾಗಿ ಹೋಗಿ. ಮೊದಲು ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ. ರ‍್ಯಾಮ್ ಡಬ್ಬದ ಮೇಲೆ ಬರೆದ ದೊಡ್ಡ ವೇಗ ಸಿಗುವುದು ಇದು ಆನ್ ಇದ್ದಾಗ ಮಾತ್ರ. ಆಫ್ ಮಾಡಿದರೆ ರ‍್ಯಾಮ್ ತನ್ನ ಮೂಲ ವೇಗದಲ್ಲಿ ಓಡುತ್ತದೆ. ಹಾಗೆ ಮಾಡಿದಾಗ ಎಲ್ಲ ಸರಿಹೋದರೆ ತೊಂದರೆ ಆ ವೇಗದ್ದು. ಮದರ್‌ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ರ‍್ಯಾಮ್ ಇದೆಯಾ ನೋಡಿ, ಹೊಸ ಬಯೋಸ್ ಬಂದಿದ್ದರೆ ಹಾಕಿ. ಇಷ್ಟಾದರೂ ಬರೆದ ವೇಗದಲ್ಲಿ ಓಡದಿದ್ದರೆ ದೂರು ಕೊಡಬಹುದು, ಆದರೆ ವಾದ ಸ್ವಲ್ಪ ಗಟ್ಟಿಯಾಗಿ ಮಾಡಬೇಕಾಗುತ್ತದೆ. ಮೂಲ ವೇಗದಲ್ಲೂ ಎರರ್ ಬಂದರೆ ವಾದವೇ ಬೇಡ.

ಆಮೇಲೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ. ಒಂದೊಂದು ಸಲ ಇಷ್ಟಕ್ಕೇ ಸರಿಹೋಗುತ್ತದೆ, ಬರೀ ಲೂಸ್ ಕಾಂಟ್ಯಾಕ್ಟ್ ಇರುತ್ತದೆ. ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜುವ ಅಭ್ಯಾಸ ತುಂಬಾ ಜನರಿಗಿದೆ, ನನಗೆ ಅದು ಹಿಡಿಸುವುದಿಲ್ಲ. ರಬ್ಬರಿನ ಪುಡಿ ಸ್ಲಾಟಿನಲ್ಲಿ ಸೇರುತ್ತದೆ, ಲೇಪ ಸವೆಯುತ್ತದೆ. ನೂಲು ಬಿಡದ ಬಟ್ಟೆಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿಸಿ.

ನಂತರ ಪರೀಕ್ಷೆ. ವಿಂಡೋಸಿನ ಒಳಗೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಬೇಗ ಮುಗಿಯುತ್ತದೆ. ಅದು ಎರರ್ ತೋರಿಸಿದರೆ ನಂಬಿ, ಪಾಸ್ ಎಂದರೆ ನಂಬಿ ಕೂರಬೇಡಿ. ಮೆಮ್‌ಟೆಸ್ಟ್86 ಪ್ಲಸ್ ಉಚಿತ, ಪೆನ್ ಡ್ರೈವಿನಿಂದ ಬೂಟ್ ಆಗುತ್ತದೆ, ವಿಂಡೋಸಿನ ಗೊಡವೆಯೇ ಇಲ್ಲ. ಸೆಕ್ಯೂರ್ ಬೂಟ್ ಅಡ್ಡ ಬಂದರೆ ಆ ಹೊತ್ತಿಗೆ ಆಫ್ ಮಾಡಿ. ರಾತ್ರಿಯಿಡೀ ಓಡಲು ಬಿಡಿ. ನನ್ನದು 38 ನಿಮಿಷ ಒಂದೂ ತಪ್ಪಿಲ್ಲದೆ ಓಡಿತು. ಎದ್ದು ಹೋಗೋಣ ಅನ್ನುವಷ್ಟರಲ್ಲಿ ಒಂದು ಕೆಂಪು ಸಾಲು, ಹತ್ತು ನಿಮಿಷದಲ್ಲಿ ಪರದೆ ತುಂಬ ಕೆಂಪು. ಬಿಸಿಯಾದ ಮೇಲೆ ಮಾತ್ರ ತಪ್ಪುವ ರ‍್ಯಾಮ್ ಅದು. ಐದು ನಿಮಿಷದ ಪರೀಕ್ಷೆಯಲ್ಲಿ ಹೇಗೆ ಸಿಕ್ಕೀತು?

ಒಂದೇ ಒಂದು ಎರರ್ ಬಂದರೂ ಅದು ಫೇಲ್. "ಬರೀ ಮೂರು ತಾನೇ" ಅಂತ ಬಿಡಬೇಡಿ.

ಎರಡು ರ‍್ಯಾಮ್ ಇದ್ದರೆ ಈಗ ಒಂದೊಂದನ್ನೇ ಹಾಕಿ ಓಡಿಸಿ. ಕೆಟ್ಟದ್ದು ಅನಿಸಿದ್ದನ್ನು ಇನ್ನೊಂದು ಸ್ಲಾಟಿಗೂ ಹಾಕಿ ನೋಡಿ. ರ‍್ಯಾಮ್ ಹೋದಲ್ಲೆಲ್ಲ ಎರರ್ ಹಿಂದೆ ಹೋದರೆ ರ‍್ಯಾಮ್ ಕೆಟ್ಟಿದೆ. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ಎರರ್ ಬಂದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಕೂರುವ ಸಾಕೆಟ್. ಒಂದೊಂದಾಗಿ ಎರಡೂ ಪಾಸ್, ಜೊತೆಗೆ ಹಾಕಿದರೆ ಮಾತ್ರ ಫೇಲ್ ಆದರೆ ಜೋಡಿ ಹೊಂದುತ್ತಿಲ್ಲ, ಇಲ್ಲವೇ ವೇಗ ಜಾಸ್ತಿಯಾಗಿದೆ. ನನ್ನ ಎರಡರಲ್ಲಿ ಒಂದು ರಾತ್ರಿಯಿಡೀ ಪಾಸ್, ಇನ್ನೊಂದು ಎರಡೂ ಸ್ಲಾಟಿನಲ್ಲಿ ಫೇಲ್. ಅಲ್ಲಿಗೆ ಎರಡು ವಾರದ ಗೊಂದಲ ಮುಗಿಯಿತು.

## ಏನೂ ಹೇಳದೆ ಟಕ್ ಎಂದು ಆಫ್ ಆಗುತ್ತದೆ

ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ಕರೆಂಟ್ ಹೋದ ಹಾಗೆ ಆಫ್. ಅಥವಾ ತಾನಾಗೇ ರೀಸ್ಟಾರ್ಟ್. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದರೆ ಕರ್ನಲ್ ಪವರ್ 41 ಎಂದು ಕಾಣುತ್ತದೆ. ಇದನ್ನು ನೋಡಿ "ಪವರ್ ಅಂತಿದೆ, ಎಸ್‌ಎಂಪಿಎಸ್ ಹೋಯಿತು" ಎಂದು ತೀರ್ಮಾನ ಮಾಡಬೇಡಿ. 41ರ ಅರ್ಥ ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತ್ತು ಅನ್ನುವುದಷ್ಟೇ. ಪ್ಲಗ್ ಕಿತ್ತರೂ ಅದೇ ಬರುತ್ತದೆ, ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ.

ಗೋಡೆಯಿಂದ ಶುರು ಮಾಡಿ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟಿಗೆ ಹಾಕಿ. ಪವರ್ ಕೇಬಲ್ ಬದಲಿಸಿ. ಯುಪಿಎಸ್ ಇದ್ದರೆ ಎರಡು ದಿನ ಅದಿಲ್ಲದೆ ಓಡಿಸಿ, ಬ್ಯಾಟರಿ ಸತ್ತ ಯುಪಿಎಸ್ ತಾನೇ ಕಂಪ್ಯೂಟರನ್ನು ಬೀಳಿಸುತ್ತದೆ. ಪವರ್ ಬಟನ್ ಒಳಗೇ ಸಿಕ್ಕಿಕೊಳ್ಳುತ್ತಿದೆಯಾ ನೋಡಿ.

ಮುಂದಿನದು ಬಿಸಿ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ಕೆಲಸ ಮಾಡುವಾಗ ಪ್ರೊಸೆಸರಿನ ಉಷ್ಣತೆ ನೋಡಿ. ಈಗಿನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವೇ ವೇಗ ಇಳಿಸುತ್ತವೆ, ಅದನ್ನೂ ಮೀರಿದರೆ ಆಫ್ ಆಗುತ್ತವೆ. ಭಾರ ಬಿದ್ದಾಗ 80 ಡಿಗ್ರಿ ಕಂಡರೆ ಹೆದರಬೇಕಿಲ್ಲ. ಆನ್ ಮಾಡಿ ಸುಮ್ನೆ ಬಿಟ್ಟಾಗಲೇ 80 ಇದ್ದರೆ ಫ್ಯಾನ್ ತಿರುಗುತ್ತಿದೆಯಾ, ಧೂಳು ಕಟ್ಟಿದೆಯಾ, ಕೂಲರ್ ಸಡಿಲವಾಗಿದೆಯಾ, ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಒಣಗಿದೆಯಾ ನೋಡಿ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಬಿಸಿ ಸರಿಯಿದ್ದು, ಭಾರ ಬಿದ್ದಾಗ ಮಾತ್ರ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ ಕಡೆ. ಗೇಮ್ ಲೋಡ್ ಆದ ಕ್ಷಣ ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಸುಸ್ತಾದ ಎಸ್‌ಎಂಪಿಎಸ್ ಅಲ್ಲೇ ಕೈಬಿಡುತ್ತದೆ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರು 12 ವೋಲ್ಟ್ ತಂತಿ ಅಳೆಯಬಹುದು. ಅದು 11.4ರಿಂದ 12.6ರ ಒಳಗಿರಬೇಕು. 5 ವೋಲ್ಟ್ ತಂತಿ 4.75ರಿಂದ 5.25ರ ಒಳಗೆ. ಆದರೆ ಕ್ಷಣಮಾತ್ರ ಬೀಳುವ ವೋಲ್ಟೇಜನ್ನು ಮೀಟರ್ ಹಿಡಿಯುವುದಿಲ್ಲ. ಹಾಗಾಗಿ ನಿಜವಾದ ಪರೀಕ್ಷೆ ಬೇರೆ ಒಳ್ಳೆಯ ಎಸ್‌ಎಂಪಿಎಸ್ ಹಾಕಿ ಎರಡು ಮೂರು ದಿನ ಓಡಿಸುವುದೇ.

ಬದಲಿಸುವಾಗ ಒಂದು ಎಚ್ಚರಿಕೆ. ಬಿಚ್ಚಿ ಹಾಕುವ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಆದರೆ ಹಳೆಯ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ಪ್ಲಗ್ ಆಕಾರ ಒಂದೇ ಇದ್ದರೂ ಒಳಗಿನ ತಂತಿಗಳ ಜೋಡಣೆ ಬೇರೆ ಇರುತ್ತದೆ. ಒಂದು ತಪ್ಪು ಕೇಬಲ್‌ಗೆ ಡಿಸ್ಕ್, ಮದರ್‌ಬೋರ್ಡ್ ಎರಡೂ ಸುಟ್ಟುಹೋಗಬಹುದು. ಕೇಬಲ್ ಸಮೇತ ಬದಲಿಸಿ.

## ಆಗಾಗ ಹ್ಯಾಂಗ್, ಫೈಲ್ ತೆರೆಯಲು ಯುಗ ಬೇಕು

ಮೌಸ್ ಓಡುತ್ತದೆ, ಆದರೆ ಕ್ಲಿಕ್ ಮಾಡಿದರೆ ಏನೂ ಇಲ್ಲ. ಅರ್ಧ ನಿಮಿಷ ಬಿಟ್ಟು ಎಲ್ಲ ಒಮ್ಮೆಲೇ ತೆರೆದುಕೊಳ್ಳುತ್ತದೆ. ಇದು ಹೆಚ್ಚಾಗಿ ಡಿಸ್ಕ್. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ತೆರೆದು ನೋಡಿ. ಹಾರ್ಡ್ ಡಿಸ್ಕ್ ಆದರೆ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ), ಪೆಂಡಿಂಗ್ ಸೆಕ್ಟರ್ (ಓದಲು ತಡಕಾಡುವ ಜಾಗ) ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ. ಸಿಆರ್‌ಸಿ ಎರರ್ ಮಾತ್ರ ಏರುತ್ತಿದ್ದರೆ ಮೊದಲು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ, ಅದು ಅತಿ ಅಗ್ಗದ ರಿಪೇರಿ. ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಮೀಡಿಯಾ ಎರರ್ ಸೊನ್ನೆ ಇರಬೇಕು. ಪಟ್ಟಿಯ ಫೋಟೋ ಇಟ್ಟುಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.

ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆ ಇನ್ನಷ್ಟು ಗೀರಬಹುದು. ಬೇಕಾದ ಫೈಲ್ ಒಳಗಿದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ನೇರ ಹೋಗಿ.

## ಗೇಮ್ ಆಡುವಾಗ ಪರದೆ ಕಪ್ಪಾಗುತ್ತದೆ, ಬಣ್ಣದ ಚೌಕಗಳು ಕಾಣುತ್ತವೆ

ಮೊದಲು ಮಾನಿಟರ್ ಕೇಬಲ್ ಬದಲಿಸಿ. ನಗಬೇಡಿ, ಬರೀ ಕೇಬಲ್ ಆಗಿರುವುದು ಅಪರೂಪವಲ್ಲ. ಪರದೆ ಕಪ್ಪಾದರೂ ಹಾಡು ಕೇಳುತ್ತಲೇ ಇದ್ದರೆ ಕಂಪ್ಯೂಟರ್ ಬದುಕಿದೆ, ಚಿತ್ರ ಮಾತ್ರ ಹೋಗಿದೆ ಅಂತ ಅರ್ಥ. ನಂತರ ಗ್ರಾಫಿಕ್ಸ್ ಡ್ರೈವರನ್ನು ಡಿಡಿಯು ಎಂಬ ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಪೂರ್ತಿ ತೆಗೆದು ಹೊಸದಾಗಿ ಹಾಕಿ. ಆಮೇಲೂ ಹಾಗೇ ಇದ್ದರೆ ಕಾರ್ಡಿಗೆ ಬರುವ ಪವರ್ ಕೇಬಲ್ ಕೊನೆಯವರೆಗೆ ಕೂತಿದೆಯಾ ನೋಡಿ. ಹೊಸ 16 ಪಿನ್‌ಗಳ ಸಣ್ಣ ಕನೆಕ್ಟರ್ ಅರ್ಧ ಕೂತರೆ ಬಿಸಿಯಾಗಿ ಕರಗಬಹುದು. ಕರಗಿದ ಗುರುತು ಅಥವಾ ಕಂದು ಬಣ್ಣ ಕಂಡರೆ ಮತ್ತೆ ಆನ್ ಮಾಡದೆ ಫೋಟೋ ತೆಗೆದು ಕಂಪನಿಗೆ ಬರೆಯಿರಿ.

ಬಯೋಸ್ ಪರದೆಯಲ್ಲೇ ಗೆರೆ, ಚೌಕ ಕಂಡರೆ ಅಲ್ಲಿ ಡ್ರೈವರ್ ಮಾತೇ ಇಲ್ಲ. ಮಾನಿಟರ್, ಕೇಬಲ್ ಬದಲಿಸಿದ ಮೇಲೂ ಹಾಗೇ ಇದ್ದರೆ ಕಾರ್ಡೇ ಕೆಟ್ಟಿದೆ. ಬೇರೆ ಕಂಪ್ಯೂಟರಿಗೆ ಹಾಕಿ ಅಲ್ಲೂ ಹಾಗೇ ಆದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

## ರ‍್ಯಾಮ್ ಪಾಸ್, ಬಿಸಿ ಇಲ್ಲ, ಆದರೂ ಕ್ರ್ಯಾಶ್

ಇಲ್ಲಿಗೆ ಬಂದವರು ಕಡಿಮೆ. ಪ್ರೊಸೆಸರ್ ಕೆಡುವುದೇ ಇಲ್ಲ ಅನ್ನುವ ಮಾತು ತುಂಬಾ ವರ್ಷ ನಡೆದಿತ್ತು. 2024ರಲ್ಲಿ ಅದು ಬದಲಾಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಇಂಥದೇ ಅಸ್ಥಿರತೆ ಕಾಣಿಸಿತು. ಪ್ರೊಸೆಸರ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿದೆ, ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನ ಒಳಗೆ ಓಡುವ ಸೂಚನೆಗಳು) ಕಾರಣ ಎಂದು ಕಂಪನಿಯೇ ಆ ಜುಲೈನಲ್ಲಿ ಹೇಳಿತು. ಆಗಸ್ಟ್‌ನಲ್ಲಿ, ಮತ್ತೆ ಸೆಪ್ಟೆಂಬರ್‌ನಲ್ಲಿ ಹೊಸ ಮೈಕ್ರೋಕೋಡ್ ಬಿಟ್ಟಿತು, ಅದು ಬಯೋಸ್ ಅಪ್‌ಡೇಟ್ ಮೂಲಕ ಬರುತ್ತದೆ. ಡಬ್ಬದಲ್ಲಿ ಬಂದ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿತು. ಇಲ್ಲಿ ತಿಳಿಯಬೇಕಾದ್ದು ಒಂದು. ಬಯೋಸ್ ಅಪ್‌ಡೇಟ್ ಮುಂದಿನ ಹಾನಿಯನ್ನು ತಡೆಯಲು ಇದೆ, ಈಗಾಗಲೇ ಹಾಳಾದ ಚಿಪ್ಪನ್ನು ಅದು ಸರಿ ಮಾಡುವುದಿಲ್ಲ. ಅದಕ್ಕೆ ಬದಲಿ ಚಿಪ್ಪೇ ಬೇಕು.

ಲಕ್ಷಣ ಏನು? ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ ಗೇಮ್ ಶುರುವಾಗುವಾಗ ವಿಡಿಯೊ ಮೆಮೊರಿ ಸಾಲದು ಎಂಬ ಎರರ್. ದೊಡ್ಡ ಜಿಪ್ ಬಿಚ್ಚುವಾಗ ತಪ್ಪು. ಡ್ರೈವರ್ ಇನ್‌ಸ್ಟಾಲ್ ಅರ್ಧಕ್ಕೆ ಬೀಳುವುದು. ಯಾವ ಕಂಪನಿಯ ಪ್ರೊಸೆಸರೇ ಆಗಲಿ, ಇವೆಂಟ್ ವ್ಯೂವರಿನಲ್ಲಿ ವೀಯಾ ಲಾಗರ್ (WHEA-Logger) ಎಂಬ ಹೆಸರಿನ ಎರರ್‌ಗಳು ಕಂಡರೆ ಬರೆದಿಟ್ಟುಕೊಳ್ಳಿ. ಹಾರ್ಡ್‌ವೇರ್ ತಾನೇ ಕೊಟ್ಟ ದೂರು ಅದು.

ಮೊದಲು ಬಯೋಸ್ ಹೊಸದು ಮಾಡಿ, ಆ ಹೊತ್ತಿನಲ್ಲಿ ಕರೆಂಟ್ ಹೋಗದಂತೆ ನೋಡಿಕೊಳ್ಳಿ. ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು) ಇದ್ದರೆ ತೆಗೆದು ಎಲ್ಲ ಡೀಫಾಲ್ಟ್ ಮಾಡಿ. ಆಮೇಲೆ ಪ್ರೊಸೆಸರಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸುವ ಒಸಿಸಿಟಿ ಅಥವಾ ಪ್ರೈಮ್95 ಓಡಿಸಿ, ಉಷ್ಣತೆಯ ಮೇಲೆ ಕಣ್ಣಿಟ್ಟಿರಿ, ಕಂಪ್ಯೂಟರನ್ನು ಒಂಟಿಯಾಗಿ ಬಿಟ್ಟು ಮಲಗಬೇಡಿ. ಪ್ರತಿ ಸಲ ಒಂದೇ ಕೋರ್ (ಪ್ರೊಸೆಸರಿನ ಒಳಗೆ ಲೆಕ್ಕ ಮಾಡುವ ಒಂದು ಘಟಕ) ತಪ್ಪಿದರೆ ಬಲವಾದ ಸುಳಿವು. ಬಯೋಸ್‌ನಲ್ಲಿ ಪ್ರೊಸೆಸರ್ ವೇಗ ಎರಡು ಮೂರು ಹಂತ ಇಳಿಸಿದಾಗ ಎಲ್ಲ ಕ್ರ್ಯಾಶ್ ನಿಂತರೆ ಇನ್ನೂ ಬಲ. ಡಬ್ಬದ ಮೇಲೆ ಬರೆದ ವೇಗದಲ್ಲಿ ಅದು ಓಡುತ್ತಿಲ್ಲ ಎಂದಾಯಿತು. ವೇಗ ಇಳಿಸಿ ಹಾಗೇ ಬಳಸಿಕೊಂಡು ಹೋಗೋಣ ಅಂತ ಸುಮ್ಮನಾಗಬೇಡಿ, ವಾರಂಟಿ ಇರುವಾಗಲೇ ಕೇಳಿ.

## ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ

ಡಿಡಿಆರ್5 ರ‍್ಯಾಮ್ ಹೊಸದಾಗಿ ಹಾಕಿದ್ದರೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆ ಸಹಜ, ಕಾಯಿರಿ. ಅನೇಕ ಮದರ್‌ಬೋರ್ಡ್‌ಗಳಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು. ಯಾವುದು ಉರಿದು ನಿಲ್ಲುತ್ತದೋ ಅಲ್ಲಿ ಹುಡುಕಿ. ಗಡಿಯಾರ ಪದೇ ಪದೇ ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬದಲಿಸಿ.

## ಇಲ್ಲಿಗೆ ನಿಲ್ಲಿಸಿ

ಸುಟ್ಟ ವಾಸನೆ, ಹೊಗೆ, ಎಸ್‌ಎಂಪಿಎಸ್‌ನಿಂದ ಚಟಪಟ ಸದ್ದು, ಕ್ಯಾಬಿನೆಟ್ ಮುಟ್ಟಿದರೆ ಶಾಕ್, ಇವುಗಳಲ್ಲಿ ಒಂದಾದರೂ ಇದ್ದರೆ ಪ್ಲಗ್ ಕಿತ್ತು ದೂರ ಸರಿಯಿರಿ. ಶಾಕ್ ಬಂದರೆ ಮನೆಯ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಲ್ಯಾಪ್‌ಟಾಪ್ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿದೆ. ಚಾರ್ಜ್ ಹಾಕಬೇಡಿ, ಚುಚ್ಚಬೇಡಿ, ಒತ್ತಬೇಡಿ.

ಪ್ರೊಸೆಸರ್ ತೆಗೆಯುವ ಅಭ್ಯಾಸ ಇಲ್ಲದವರು ವಾರಂಟಿ ಇರುವಾಗ ಆ ಸಾಹಸಕ್ಕೆ ಇಳಿಯದಿರುವುದೇ ಲೇಸು. ಸಾಕೆಟಿನ ಕೂದಲಿನಂಥ ಪಿನ್ ಒಂದು ಬಾಗಿದರೂ ಸಾಕು, ಮದರ್‌ಬೋರ್ಡಿನ ವಾರಂಟಿ ನಿರಾಕರಿಸುತ್ತಾರೆ.

## ವಾರಂಟಿ ಕೇಳುವುದು ಹೇಗೆ

ಮೊದಲು ಯಾರನ್ನು ಕೇಳಬೇಕು ಎಂದು ತಿಳಿಯಿರಿ. ಜೋಡಿಸಿದ ಕಂಪ್ಯೂಟರ್ ಆದರೆ ಪ್ರತಿ ಭಾಗಕ್ಕೂ ಅದರದೇ ಕಂಪನಿ, ಅದರದೇ ಅವಧಿ. ಕಂಪನಿಯಿಂದ ತಯಾರಾಗಿ ಬಂದದ್ದಾದರೆ ಇಡೀ ಯಂತ್ರಕ್ಕೆ ಒಬ್ಬರೇ ಹೊಣೆ. ಡಬ್ಬ ಇಲ್ಲದೆ ಬಂದ ಟ್ರೇ ಪ್ರೊಸೆಸರ್ ಆಗಿದ್ದರೆ ಸಾಮಾನ್ಯವಾಗಿ ಮಾರಿದವರೇ ನೋಡಿಕೊಳ್ಳಬೇಕು. ಎಸ್‌ಎಸ್‌ಡಿಗೆ ವರ್ಷದ ಮಿತಿಯ ಜೊತೆ ಒಟ್ಟು ಎಷ್ಟು ಬರೆಯಬಹುದು ಎಂಬ ಮಿತಿಯೂ ಇರುತ್ತದೆ, ಯಾವುದು ಮೊದಲು ಮುಗಿದರೂ ವಾರಂಟಿ ಮುಗಿಯಿತು. ಬಿಲ್ಲಿನ ಮಸಿ ಮಾಸಿಹೋಗುವ ಮುಂಚೆ ಫೋಟೋ ತೆಗೆದಿಡಿ.

ನಾನು ಮೊದಲ ಸಲ ಬರೆದದ್ದು ಒಂದೇ ಸಾಲು: ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ರ‍್ಯಾಮ್ ಬದಲಿಸಿಕೊಡಿ. ಉತ್ತರವಾಗಿ ಬಂದದ್ದು ಅದೇ ಸಿದ್ಧ ಪಟ್ಟಿ, ವಿಂಡೋಸ್ ಅಪ್‌ಡೇಟ್ ಮಾಡಿ, ಮತ್ತೆ ಕೂರಿಸಿ ನೋಡಿ. ಒಂದು ವಾರ ಹೋಯಿತು. ಎರಡನೇ ಸಲ ಬರೆದದ್ದು ಹೀಗೆ:

"ರ‍್ಯಾಮ್ ಮಾದರಿ, ಸೀರಿಯಲ್ ನಂಬರ್, ಬಿಲ್ ಲಗತ್ತಿಸಿದ್ದೇನೆ. ಎಕ್ಸ್‌ಎಂಪಿ ಆಫ್, ಬಯೋಸ್ ಇತ್ತೀಚಿನದು, ಎಲ್ಲ ಡೀಫಾಲ್ಟ್. ಎರಡರಲ್ಲಿ ಒಂದನ್ನೇ ಹಾಕಿ ಪರೀಕ್ಷಿಸಿದೆ. ಮೊದಲನೆಯದು 8 ಗಂಟೆ ಓಡಿ ಒಂದೂ ಎರರ್ ಇಲ್ಲ. ಎರಡನೆಯದು 40 ನಿಮಿಷದ ಒಳಗೆ ಫೇಲ್, ಎರಡು ಬೇರೆ ಸ್ಲಾಟಿನಲ್ಲಿ, ಮೂರು ಸಲ. ಫೋಟೋಗಳು ಜೊತೆಗಿವೆ. ಮೊದಲ ಅರ್ಧ ಗಂಟೆಯಲ್ಲಿ ಎರರ್ ಬರುವುದಿಲ್ಲ, ದಯವಿಟ್ಟು ಕನಿಷ್ಠ ಎರಡು ಗಂಟೆ ಓಡಿಸಿ ನೋಡಿ. ಬದಲಿ ಕೊಡಬೇಕೆಂದು ಕೋರುತ್ತೇನೆ."

ಮರುದಿನವೇ ಒಪ್ಪಿಗೆ ಬಂತು. ಕೊನೆಯಿಂದ ಎರಡನೇ ಸಾಲು ನೋಡಿ. ತಪ್ಪು ಯಾವಾಗ, ಹೇಗೆ ಕಾಣುತ್ತದೆ ಎಂದು ನೀವೇ ಹೇಳದಿದ್ದರೆ ಅವರು ಹತ್ತು ನಿಮಿಷ ಓಡಿಸಿ "ದೋಷ ಕಂಡುಬಂದಿಲ್ಲ" ಎಂದು ವಾಪಸ್ ಕಳಿಸುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಅವರ ಮೇಜಿನ ಮೇಲೆ ಅದು ಕಂಡಿರುವುದೇ ಇಲ್ಲ.

ಫೋನಿನಲ್ಲಿ ಮಾತಾಡಿದರೂ ಆಮೇಲೆ ಅದನ್ನೇ ಬರೆದು ಕಳಿಸಿ, ದೂರಿನ ಸಂಖ್ಯೆ ಪಡೆಯಿರಿ. ಮಾಡಿದ್ದನ್ನು ಮುಚ್ಚಿಡಬೇಡಿ. ಓವರ್‌ಕ್ಲಾಕ್ ಮಾಡಿದ್ದೀರಾ ಎಂದು ಕೇಳಿದರೆ ನಿಜ ಹೇಳಿ. ಬದಲಿಯಾಗಿ ಹೊಸದು ಕೊಡುತ್ತಾರಾ, ರಿಪೇರಿಯಾದದ್ದಾ, ಸಾಗಣೆ ಖರ್ಚು ಯಾರದು, ಮೊದಲೇ ಬದಲಿ ಕಳಿಸಿ ಆಮೇಲೆ ಹಳೆಯದು ಪಡೆಯುವ ವ್ಯವಸ್ಥೆ ಇದೆಯಾ, ಎಲ್ಲ ಮುಂಚೆಯೇ ಕೇಳಿ. ರ‍್ಯಾಮ್ ಜೋಡಿಯಾಗಿ ಬಂದಿದ್ದರೆ ಹೆಚ್ಚಾಗಿ ಎರಡನ್ನೂ ಕಳಿಸಬೇಕು, ಒಂದು ಮಾತ್ರ ಕೆಟ್ಟಿದ್ದರೂ. ಅಷ್ಟು ದಿನ ಕಂಪ್ಯೂಟರ್ ಇಲ್ಲದೆ ನಡೆಯುತ್ತದಾ ಯೋಚಿಸಿಕೊಳ್ಳಿ.

ಕಳಿಸುವ ಮುಂಚೆ ಭಾಗದ ಎಲ್ಲ ಬದಿಯ ಫೋಟೋ, ಸೀರಿಯಲ್ ನಂಬರ್ ಓದುವ ಹಾಗೆ. ಪ್ರೊಸೆಸರ್ ಆದರೆ ಪೇಸ್ಟ್ ಒರೆಸಿ ಮೇಲಿನ ಅಕ್ಷರ, ಅಂಕಿಗಳ ಫೋಟೋ. ಮದರ್‌ಬೋರ್ಡ್ ಆದರೆ ಸಾಕೆಟಿನ ಪಿನ್‌ಗಳ ಹತ್ತಿರದ ಫೋಟೋ ತೆಗೆದು ಪ್ಲಾಸ್ಟಿಕ್ ಮುಚ್ಚಳ ಹಾಕಿ. ಡಿಸ್ಕ್ ಆದರೆ ಒಳಗಿನದು ವಾಪಸ್ ಬರುವುದಿಲ್ಲ ಎಂದೇ ತಿಳಿದು, ಸಾಧ್ಯವಾದರೆ ಪೂರ್ತಿ ಅಳಿಸಿ. ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿ, ಡಬ್ಬದಲ್ಲಿ ಅಲ್ಲಾಡದಂತೆ ತುಂಬಿ. ಪ್ಯಾಕ್ ಮಾಡುವುದನ್ನು ವಿಡಿಯೊ ಮಾಡಿಟ್ಟರೆ, ದಾರಿಯಲ್ಲಿ ಒಡೆದರೆ ನಿಮ್ಮ ತಲೆಗೆ ಬರುವುದಿಲ್ಲ.

## ಬದಲಿ ಭಾಗ ಬಂದ ಮೇಲೆ

ಡಬ್ಬ ಬಿಚ್ಚುವುದನ್ನೂ ವಿಡಿಯೊ ಮಾಡಿ. ಸೀರಿಯಲ್ ನಂಬರ್ ಪತ್ರದಲ್ಲಿರುವುದಕ್ಕೆ ಹೊಂದುತ್ತದಾ ನೋಡಿ. ಬದಲಿ ಭಾಗದ ವಾರಂಟಿ ಹೆಚ್ಚಾಗಿ ಹೊಸದಾಗಿ ಶುರುವಾಗುವುದಿಲ್ಲ, ಹಳೆಯದರಲ್ಲಿ ಉಳಿದ ಅವಧಿಯೇ ಮುಂದುವರಿಯುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.

ಹಾಕಿದ ಕೂಡಲೇ ಹಿಂದೆ ಫೇಲ್ ಆದ ಪರೀಕ್ಷೆಯನ್ನೇ ಮಾಡಿ, ಅದಕ್ಕಿಂತ ಎರಡು ಮೂರು ಪಟ್ಟು ಹೊತ್ತು. ನಾನು ಹೊಸ ರ‍್ಯಾಮಿನ ಮೇಲೆ ಎರಡು ರಾತ್ರಿ ಮೆಮ್‌ಟೆಸ್ಟ್ ಓಡಿಸಿದೆ, ಮೊದಲು ಎಕ್ಸ್‌ಎಂಪಿ ಇಲ್ಲದೆ, ಮರುದಿನ ಎಕ್ಸ್‌ಎಂಪಿ ಹಾಕಿ. ಕೆಟ್ಟ ರ‍್ಯಾಮ್ ಇದ್ದ ಕಾಲದಲ್ಲಿ ಬರೆದ ಫೈಲ್‌ಗಳಲ್ಲಿ ಕೆಲವು ಹಾಳಾಗಿರಬಹುದು. ಹಾಗಾಗಿ ವಿಂಡೋಸ್ ಹೊಸದಾಗಿ ಹಾಕಿ, ಆ ದಿನಗಳಲ್ಲಿ ಕಾಪಿ ಮಾಡಿದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿ. ನನ್ನ ಒಂದು ಫೋಲ್ಡರಿನಲ್ಲಿ ಆರು ಫೋಟೋಗಳ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿತ್ತು. ಹಳೆಯ ಬ್ಯಾಕಪ್ ಮುಟ್ಟದೆ ಇಟ್ಟಿದ್ದರಿಂದ ಅವೆಲ್ಲ ವಾಪಸ್ ಸಿಕ್ಕವು.

ಹೊಸ ಭಾಗ ಹಾಕಿದ ಮೇಲೂ ಅದೇ ಎರರ್ ಬಂದರೆ ಕೈಚೆಲ್ಲಬೇಡಿ. ಒಂದು ಭಾಗ ಚೆನ್ನಾಗಿದೆ ಎಂದು ಖಚಿತವಾಯಿತು, ಹುಡುಕುವ ಜಾಗ ಕಿರಿದಾಯಿತು. ರ‍್ಯಾಮ್ ಬದಲಾಗಿಯೂ ಅದೇ ಸ್ಲಾಟಿನಲ್ಲಿ ತಪ್ಪು ಬರುತ್ತಿದ್ದರೆ ಮುಂದಿನ ದೂರು ಮದರ್‌ಬೋರ್ಡ್ ಕಂಪನಿಗೆ. ಆ ದೂರಿನ ಮೊದಲ ಸಾಕ್ಷಿ ಈ ಬದಲಿ ರ‍್ಯಾಮಿನ ಪತ್ರವೇ.